ಎರಡೇ ತಿಂಗಳ ಅಡ್ವಾನ್ಸು: ಎಲ್ಲಿದೆ ಆ ಕಾನೂನು?

ಬೆಂಗಳೂರಿನಲ್ಲಿ ಟು-ಲೆಟ್ ಬೋರ್ಡು ನೋಡಿ ಮೆಟ್ಟಿಲು ಹತ್ತಿದವರು ಒಮ್ಮೆಯಾದರೂ ಈ ವಾದ ಹೂಡಿರುತ್ತಾರೆ: ‘ಎರಡು ತಿಂಗಳಿಗಿಂತ ಜಾಸ್ತಿ ಅಡ್ವಾನ್ಸ್ ತಗೊಳ್ಳೋ ಹಾಗಿಲ್ಲ ಸಾರ್, ಸರ್ಕಾರದ ರೂಲ್ಸು.’ ನಾನೂ ಹೂಡಿದ್ದೆ. ಮಾಲೀಕರು ನಕ್ಕು, ಹತ್ತು ತಿಂಗಳದ್ದನ್ನು ಎಂಟಕ್ಕಿಳಿಸಿದರು. ರೂಲ್ಸಿಗೆ ಹೆದರಿ ಅಲ್ಲ, ಪಾಪ ಅಂತ.

ಎರಡು ತಿಂಗಳ ಮಾತು ಹುಟ್ಟಿದ್ದು ಮಾದರಿ ಬಾಡಿಗೆ ಕಾಯ್ದೆಯಿಂದ. 2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ಅದನ್ನು ಒಪ್ಪಿತು. ವಾಸದ ಮನೆಗೆ ಎರಡು ತಿಂಗಳು, ಅಂಗಡಿ-ಕಚೇರಿಗೆ ಆರು ತಿಂಗಳ ಬಾಡಿಗೆ ಮೀರಿ ಠೇವಣಿ ಕೇಳಬಾರದು ಎಂದು ಅದರಲ್ಲಿದೆ. ಆದರೆ ಹೆಸರಲ್ಲೇ ‘ಮಾದರಿ’ ಇದೆಯಲ್ಲ! ಆಯಾ ರಾಜ್ಯ ತನ್ನ ಕಾನೂನಾಗಿ ಮಾಡಿಕೊಳ್ಳದೆ ಅದು ಯಾರ ಕೈಯನ್ನೂ ಕಟ್ಟುವುದಿಲ್ಲ. ನಮ್ಮಲ್ಲಿರುವುದು 1999ರ ಕರ್ನಾಟಕ ಬಾಡಿಗೆ ಕಾಯ್ದೆ. ಜಾರಿಗೆ ಬಂದದ್ದು 2001ರ ಕೊನೆಯ ದಿನ.

ಅದಾದರೂ ಬಾಡಿಗೆಗೆ ಲಗಾಮು ಹಾಕುತ್ತದಲ್ಲ ಎಂದರೆ, ಹಾಕುತ್ತದೆ, ಕಾಗದದ ಮೇಲೆ. ನಿವೇಶನದ ಬೆಲೆ, ಕಟ್ಟಿದ ಖರ್ಚು ಸೇರಿಸಿ ವರ್ಷಕ್ಕೆ ಅದರ ಶೇ 10ರ ಲೆಕ್ಕದಲ್ಲಿ ‘ಪ್ರಮಾಣಿತ ಬಾಡಿಗೆ’ ಕಟ್ಟುವ ಸೂತ್ರವೂ ಇದೆ. ಆದರೆ ಬೆಂಗಳೂರಿನಂಥ ಊರಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ, ಸಣ್ಣ ಊರುಗಳಲ್ಲಿ 2,000 ದಾಟಿದ ಮನೆಗೆ ಈ ಕಾಯ್ದೆಯೇ ಅನ್ವಯವಾಗದು. ಹೊಸದಾಗಿ ಕಟ್ಟಿದ ಮನೆಗೂ ಹದಿನೈದು ವರ್ಷ ವಿನಾಯಿತಿ. ಇವತ್ತು 3,500ಕ್ಕೆ ನಗರದಲ್ಲಿ ಸ್ಕೂಟರ್ ನಿಲ್ಲಿಸಲು ಜಾಗ ಸಿಕ್ಕರೆ ಪುಣ್ಯ.

‘ವರ್ಷಕ್ಕೆ ಶೇ 10ಕ್ಕಿಂತ ಏರಿಸುವಂತಿಲ್ಲ’ ಎನ್ನುವುದೂ ಇಂಥದ್ದೇ. ಅದು ಕರಾರು ಪತ್ರದ ಸಾಲು, ಶಾಸನದ್ದಲ್ಲ. ಐದು ಎಂದು ಬರೆಸಿಕೊಂಡವರಿಗೆ ಐದೇ. ಹನ್ನೊಂದು ತಿಂಗಳ ಕರಾರಿನ ಗುಟ್ಟೂ ಸರಳ: ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆ ಪ್ರಕಾರ ರಿಜಿಸ್ಟರ್ ಮಾಡಿಸಲೇಬೇಕು, ಆ ಓಡಾಟ ಯಾರಿಗೂ ಬೇಡ. ಅವಧಿ ಮುಗಿದ ಮರುದಿನ ಸಾಮಾನು ಹೊರಗೆಸೆಯುವ ಹಕ್ಕು ಮಾತ್ರ ಅದರಿಂದ ಮಾಲೀಕರಿಗೆ ಬರುವುದಿಲ್ಲ.

ಹಾಗಾಗಿ ಅಡ್ವಾನ್ಸಿನ ಜಗ್ಗಾಟ ಬಿಟ್ಟು ನಾನು ಈಗ ಕರಾರಿನ ಕೊನೆಯ ಪುಟ ಓದುತ್ತೇನೆ. ಕಳೆದ ಸಲ ಅಲ್ಲಿ, ‘ಖಾಲಿ ಮಾಡುವಾಗ ಪೇಂಟಿಂಗ್ ಬಾಬ್ತು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳತಕ್ಕದ್ದು’ ಎಂದಿತ್ತು. ಎರಡು ವರ್ಷದೊಳಗೆ ಬಿಟ್ಟರೆ ಅರ್ಧ ಸಾಕಲ್ಲವೇ ಎಂದೆ. ಮಾಲೀಕರು ಗೋಡೆಯತ್ತ ಒಮ್ಮೆ ನೋಡಿ, ಅದನ್ನು ಪೆನ್ನಲ್ಲೇ ಸೇರಿಸಿ ಪಕ್ಕಕ್ಕೆ ಸಹಿ ಹಾಕಿದರು.