ಗಣಕದ ಸಾಮಾನ್ಯ ಲೈಬ್ರರಿಗಳೂ ಕನ್ನಡದ ಒತ್ತಕ್ಷರಗಳೂ

ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದ ತಾಲ್ಲೂಕಿಗೆ ಸೇರಿದ ಬನ್ನೂರಿನಂತಹ ಊರುಗಳಲ್ಲಿಯೂ ಈಗ ಅರ್ಜಿ, ಕ್ರಯಪತ್ರ, ಲಗ್ನಪತ್ರಿಕೆ ಮೊದಲಾದುವು ಗಣಕಯಂತ್ರದಲ್ಲಿಯೇ ಸಿದ್ಧವಾಗುತ್ತಿರುವುದು ಸರ್ವವಿದಿತವಾದ ಸಂಗತಿ. ಬರೆದುಕೊಡುವವನ ಯಂತ್ರದಲ್ಲಿ ಶುದ್ಧವಾಗಿ ಕಾಣುತ್ತಿದ್ದ ಬರಹವು ಬೇರೊಂದು ಯಂತ್ರದಲ್ಲಿ ತೆರೆದೊಡನೆ ಕೆಟ್ಟು ಕಾಣಿಸುವುದುಂಟು. ‘ಲಕ್ಷ್ಮಿ’ ಎಂಬ ಹೆಸರಿನ ಒತ್ತುಗಳು ಬಿಡಿಬಿಡಿಯಾಗಿ ನಿಲ್ಲುವುವು. ‘ಅರ್ಕ’ ಎಂಬಲ್ಲಿ ಕಕಾರದ ಮುಂದೆ ಬರಬೇಕಾದ ಅರ್ಕಾವೊತ್ತು ಹುಟ್ಟುವುದೇ ಇಲ್ಲ. ಕ್ರಯಪತ್ರದಲ್ಲಿ ಹೆಸರು ಕೆಡುವುದು ಅಲ್ಪವಾದ ದೋಷವಲ್ಲ. ಇಂತಹ ಸಮಯದಲ್ಲಿ ಜನರು ಬೆರಳಚ್ಚು ಮಾಡಿದವನನ್ನು ದೂರುವರು. ಅನಂತರ ಫಾಂಟನ್ನು ದೂರುವರು. ಆದರೆ ಅನೇಕ ವೇಳೆ ದೋಷವು ಇವೆರಡರಲ್ಲಿಯೂ ಇರದೆ, ಕಣ್ಣಿಗೆ ಕಾಣದ ಮೂರನೆಯ ವಸ್ತುವೊಂದರಲ್ಲಿ ಇರುವುದು. ಅದೇ ಸಾಮಾನ್ಯ ಲೈಬ್ರರಿ. ಅದರ ಸ್ವರೂಪ, ಅದರಿಂದ ಉಂಟಾಗುವ ದೋಷಗಳು, ಅವುಗಳ ಪರಿಹಾರ, ಇವೇ ಪ್ರಕೃತ ಲೇಖನದ ವಿಷಯ.

ಸ್ವರೂಪ

ಅನೇಕ ಪ್ರೋಗ್ರಾಂಗಳಿಗೆ ಒಂದೇ ಬಗೆಯ ಕೆಲಸವು ಬೇಕಾಗುವುದು: ಕಡತವನ್ನು ತೆರೆಯುವುದು, ವರ್ಗಮೂಲವನ್ನು ಕಂಡುಹಿಡಿಯುವುದು, ಅಕ್ಷರಗಳನ್ನು ತೆರೆಯ ಮೇಲೆ ಬರೆಯುವುದು ಇತ್ಯಾದಿ. ಇವನ್ನು ಪ್ರತಿಯೊಬ್ಬನೂ ಹೊಸದಾಗಿ ಬರೆಯುವುದು ವ್ಯರ್ಥಶ್ರಮ. ಈ ವಿಚಾರವು ಗಣಕದಷ್ಟೇ ಹಳೆಯದು. ಇಂಗ್ಲೆಂಡಿನ ಕೇಂಬ್ರಿಜ್ಜಿನಲ್ಲಿ 1949ರ ಮೇ ತಿಂಗಳಲ್ಲಿ ಕೆಲಸವನ್ನಾರಂಭಿಸಿದ ಎಡ್ಸ್ಯಾಕ್ ಎಂಬ ಯಂತ್ರಕ್ಕೆ, ಪದೇಪದೇ ಬೇಕಾಗುವ ಗಣನಕ್ರಮಗಳನ್ನು ಕಾಗದದ ಪಟ್ಟಿಗಳಲ್ಲಿ ರಂಧ್ರಿಸಿ ಸಂಗ್ರಹಿಸಿ ಇಟ್ಟಿದ್ದರು. ವಿಲ್ಕ್ಸ್, ವೀಲರ್, ಗಿಲ್ ಎಂಬ ಮೂವರು 1951ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಸಂಗ್ರಹದ ವಿವರವಿದೆ. ಆದರೆ ಅಲ್ಲಿ ಬೇಕಾದ ಪಟ್ಟಿಯನ್ನು ಪ್ರತಿಮಾಡಿ ತನ್ನ ಪ್ರೋಗ್ರಾಮಿಗೆ ಸೇರಿಸಿಕೊಳ್ಳಬೇಕಾಗಿದ್ದಿತು. ಪ್ರತಿಯಾದ ಮೇಲೆ ಮೂಲಕ್ಕೂ ಪ್ರತಿಗೂ ಸಂಬಂಧವಿಲ್ಲ. ಸಾಮಾನ್ಯ ಲೈಬ್ರರಿಯಾದರೋ ಹಾಗಲ್ಲ. ಅದು ಯಂತ್ರದಲ್ಲಿ ಒಂದೆಡೆ ಒಂದೇ ಆಗಿದ್ದು, ಪ್ರೋಗ್ರಾಮು ಹೊರಡುವಾಗ ಅದನ್ನು ಹೆಸರಿನಿಂದ ಕರೆದುಕೊಳ್ಳುವುದು. ವಿಂಡೋಸಿನಲ್ಲಿ ಇಂತಹ ಕಡತಕ್ಕೆ ಡಿಎಲ್‌ಎಲ್ ಎಂದೂ, ಲಿನಕ್ಸಿನಲ್ಲಿ ಎಸ್ಓ ಕಡತವೆಂದೂ ಹೆಸರು.

ವ್ಯಾಕರಣಶಾಸ್ತ್ರವನ್ನು ಬಲ್ಲವರಿಗೆ ಈ ಏರ್ಪಾಡು ಅಪೂರ್ವವಾದುದೇನೂ ಅಲ್ಲ. ಪಾಣಿನಿಯು ಸುಮಾರು 4000 ಸೂತ್ರಗಳುಳ್ಳ ಅಷ್ಟಾಧ್ಯಾಯಿಯಲ್ಲಿ, ಒಂದೇ ಕಾರ್ಯವನ್ನು ಹೊಂದುವ ಶಬ್ದಗಳನ್ನೆಲ್ಲ ಸೂತ್ರದಲ್ಲಿ ಎಣಿಸದೆ, ಮೊದಲನೆಯ ಶಬ್ದವನ್ನು ಹೇಳಿ ‘ಆದಿ’ ಎಂದು ಬಿಡುವನು; ಉಳಿದ ಶಬ್ದಗಳು ಗಣಪಾಠದಲ್ಲಿರುವುವು. ಸರ್ವಾದಿಗಣವು ಒಂದೇ, ಅದನ್ನು ಆಶ್ರಯಿಸುವ ಸೂತ್ರಗಳು ಅನೇಕ. ಸೂತ್ರವು ಚಿಕ್ಕದಾಗುವುದೆಂಬುದು ಇದರ ಗುಣ. ಗಣಪಾಠವು ಕೆಟ್ಟರೆ ಅದನ್ನಾಶ್ರಯಿಸಿದ ಸೂತ್ರಗಳೆಲ್ಲವೂ ಒಟ್ಟಿಗೆ ಕೆಡುವುವೆಂಬುದು ಇದರ ಅಪಾಯ. ಶಾಸ್ತ್ರಪರಿಚಯವಿಲ್ಲದವರಿಗೆ ಊರಿನ ನಾಲೆಯೇ ಸಾಕಾದ ದೃಷ್ಟಾಂತ. ಇದೇ ತಾಲ್ಲೂಕಿನಲ್ಲಿ ತಲಕಾಡಿನ ಬಳಿ ಕಾವೇರಿಗೆ ಕಟ್ಟಿರುವ ಮಾಧವಮಂತ್ರಿ ಅಣೆಕಟ್ಟೆಯಂತಹ ಒಂದೇ ಕಟ್ಟೆಯಿಂದ ಅನೇಕ ಗದ್ದೆಗಳಿಗೆ ನೀರು ಹರಿಯುವುದು. ಗದ್ದೆಗೊಂದು ಕಟ್ಟೆ ಕಟ್ಟುವವರಿಲ್ಲ. ಆದರೆ ತೂಬಿನ ಮಟ್ಟವನ್ನು ಬದಲಾಯಿಸಿದರೆ ಕೆಳಗಿನ ಗದ್ದೆಗಳೆಲ್ಲಕ್ಕೂ ಅದರ ಫಲವು ತಟ್ಟುವುದು. ಯಾವ ಗದ್ದೆಗೆ ಯಾವ ತೂಬಿನ ನೀರೆಂಬುದನ್ನು ನೋಡುವ ನೀರುಗಂಟಿಯ ಕೆಲಸವನ್ನು ಗಣಕದಲ್ಲಿ ಲೋಡರ್ ಎಂಬ ಭಾಗವು ಮಾಡುವುದು.

ಕನ್ನಡದ ನಿದರ್ಶನ

ಯೂನಿಕೋಡಿನಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗಿನ 128 ಸ್ಥಾನಗಳು ಮೀಸಲಾಗಿವೆ. ಇದರಲ್ಲಿ ‘ರ್ಕ’ ಎಂಬ ಅಕ್ಷರಕ್ಕೆ ಪ್ರತ್ಯೇಕವಾದ ಸಂಖ್ಯೆಯಿಲ್ಲ. ರಕಾರದ 3248, ಹಲಂತಚಿಹ್ನೆಯ 3277, ಕಕಾರದ 3221, ಈ ಮೂರು ಸಂಖ್ಯೆಗಳು ಉಚ್ಚಾರಣಕ್ರಮದಲ್ಲಿಯೇ ಕಡತದಲ್ಲಿ ಇರುವುವು. ಇವನ್ನು ನೋಡಿ ಕಕಾರವನ್ನು ಮೊದಲು ಬರೆದು ಅರ್ಕಾವೊತ್ತನ್ನು ಅದರ ಬಲಕ್ಕೆ ಇಡುವುದು ಬರೆದವನ ಕೆಲಸವಲ್ಲ. ಕೇವಲ ಫಾಂಟಿನ ಕೆಲಸವೂ ಅಲ್ಲ. ಫಾಂಟಿನಲ್ಲಿರುವುದು ರೂಪಗಳೂ ಅವುಗಳ ಪರ್ಯಾಯನಿಯಮಗಳೂ ಮಾತ್ರ. ಆ ನಿಯಮಗಳನ್ನು ಓದಿ ಪ್ರಯೋಗಿಸುವುದು ಅಕ್ಷರಸಂಯೋಜನೆಯ ಲೈಬ್ರರಿ. ವಿಂಡೋಸಿನಲ್ಲಿ ಬಹುಕಾಲ ಈ ಕೆಲಸವನ್ನು ಮಾಡಿದುದು ಯೂನಿಸ್ಕ್ರೈಬ್. ಲಿನಕ್ಸಿನಲ್ಲಿ ಪ್ಯಾಂಗೋ ಎಂಬುದೂ, ಅದಕ್ಕೆ ಆಧಾರವಾದ ಹಾರ್ಫ್‌ಬಜ್ ಎಂಬುದೂ ಪ್ರಸಿದ್ಧವಾಗಿವೆ.

2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಎಂಬ ಕನ್ನಡ ಫಾಂಟು ದೊರೆಯಿತು. ಆದರೂ ಆ ವ್ಯವಸ್ಥೆಯಲ್ಲಿ ಸಂಯುಕ್ತಲಿಪಿಗಳ ಕಡತಗಳನ್ನು ಬೇರೆಯಾಗಿ ಸ್ಥಾಪಿಸಿಕೊಳ್ಳಬೇಕಾಗಿದ್ದಿತು. ಸ್ಥಾಪಿಸದ ಯಂತ್ರದಲ್ಲಿ ಒತ್ತುಗಳು ಕೂಡುತ್ತಿರಲಿಲ್ಲ. ಅಲ್ಲದೆ ಕೆಲವು ಪದಸಂಸ್ಕಾರಕಗಳು ಯೂನಿಸ್ಕ್ರೈಬಿನ ತಮ್ಮದೇ ಪ್ರತಿಯನ್ನು ಜೊತೆಗೆ ತರುತ್ತಿದ್ದುವು. ಒಂದೇ ಯಂತ್ರ, ಒಂದೇ ಫಾಂಟು, ಒಂದೇ ಕಡತ. ಆದರೂ ಒಂದು ಪ್ರೋಗ್ರಾಮಿನಲ್ಲಿ ಒತ್ತು ಸರಿ, ಇನ್ನೊಂದರಲ್ಲಿ ತಪ್ಪು. ಎರಡೂ ಬೇರೆ ಬೇರೆ ಆವೃತ್ತಿಯ ಲೈಬ್ರರಿಗಳನ್ನು ಆಶ್ರಯಿಸಿದ್ದುದೇ ಇದಕ್ಕೆ ಕಾರಣ. ಲಿಬ್ರೆ ಆಫೀಸ್ ಎಂಬ ಕಛೇರಿ ತಂತ್ರಾಂಶವೂ ಮೊದಲು ಬೇರೆ ಬೇರೆ ವ್ಯವಸ್ಥೆಗಳಲ್ಲಿ ಬೇರೆ ಬೇರೆ ಲೈಬ್ರರಿಗಳನ್ನು ಬಳಸುತ್ತಿದ್ದು, 2017ರಲ್ಲಿ ಪ್ರಕಟವಾದ 5.3ನೆಯ ಆವೃತ್ತಿಯಿಂದ ಎಲ್ಲ ಕಡೆಗಳಲ್ಲಿಯೂ ಹಾರ್ಫ್‌ಬಜ್ಜನ್ನೇ ಆಶ್ರಯಿಸಿತು.

ಇಲ್ಲಿ ದೋಷವನ್ನು ಗುರುತಿಸುವ ಕ್ರಮವನ್ನು ತಿಳಿದಿರುವುದು ಉಪಯುಕ್ತ. ಬರಹವೆಲ್ಲವೂ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಂಡರೆ, ಅದು ಹಿಂದಿನ ಕಾಲದ ನುಡಿ ಅಥವಾ ಬರಹ ತಂತ್ರಾಂಶಗಳ ಫಾಂಟಿಗೆ ಕಟ್ಟುಬಿದ್ದ ಸಂಕೇತದಲ್ಲಿದೆಯೆಂದೂ, ಯೂನಿಕೋಡಿಗೆ ಪರಿವರ್ತಿಸಬೇಕೆಂದೂ ತಿಳಿಯಬೇಕು. ಅಕ್ಷರಗಳ ಬದಲು ಖಾಲಿ ಚೌಕಗಳು ಕಂಡರೆ ಕನ್ನಡದ ಫಾಂಟಿಲ್ಲವೆಂದು ತಿಳಿಯಬೇಕು. ಬಿಡಿ ಅಕ್ಷರಗಳು ಸರಿಯಾಗಿದ್ದು ಒತ್ತಕ್ಷರಗಳು ಮಾತ್ರ ಒಡೆದಿದ್ದರೆ ಮೊದಲು ಶಂಕಿಸಬೇಕಾದುದು ಲೈಬ್ರರಿಯನ್ನು.

ದೋಷಗಳು ಮತ್ತು ಪರಿಹಾರ

ಸಾಮಾನ್ಯ ಲೈಬ್ರರಿಗಳಿಂದ ಪ್ರೋಗ್ರಾಂ ಬರೆಯುವವರಿಗೆ ಒದಗುವ ಕಷ್ಟಗಳನ್ನು ಐದಾಗಿ ವಿಂಗಡಿಸಬಹುದು.

ಮೊದಲನೆಯದು ಅಲಾಭ. ಲೈಬ್ರರಿಯು ದೊರೆಯಲಿಲ್ಲವೆಂದು ಹೇಳಿ ಪ್ರೋಗ್ರಾಮು ನಿಂತುಬಿಡುವುದು. ಬರೆದವನ ಯಂತ್ರದಲ್ಲಿ ಅದು ಮೊದಲೇ ಇದ್ದುದರಿಂದ ಅವನಿಗೆ ಈ ಕೊರತೆಯು ತಿಳಿದಿರುವುದಿಲ್ಲ. ಲೋಡರು ಎಲ್ಲೆಂದರಲ್ಲಿ ಹುಡುಕುವುದಿಲ್ಲ. ಅದಕ್ಕೆ ನಿಯತವಾದ ಕ್ರಮವಿದೆ. ವಿಂಡೋಸಿನಲ್ಲಿ ಸಾಧಾರಣವಾಗಿ ಮೊದಲು ಪ್ರೋಗ್ರಾಮಿರುವ ಫೋಲ್ಡರು, ಅನಂತರ ವ್ಯವಸ್ಥೆಯ ಫೋಲ್ಡರುಗಳು, ಕೊನೆಗೆ ‘ಪಾತ್’ ಎಂಬ ಪಟ್ಟಿಯಲ್ಲಿ ಹೇಳಿದ ಸ್ಥಳಗಳು. ಲಿನಕ್ಸಿನಲ್ಲಿ ‘ಎಲ್‌ಡಿಡಿ’ ಎಂಬ ಆಜ್ಞೆಯು ಪ್ರೋಗ್ರಾಮಿಗೆ ಬೇಕಾದ ಲೈಬ್ರರಿಗಳನ್ನೂ ಅವು ಸಿಕ್ಕಿದ ಸ್ಥಳಗಳನ್ನೂ ತೋರಿಸುವುದು. ಹೊಸ ಲೈಬ್ರರಿಯನ್ನಿಟ್ಟ ಮೇಲೆ ‘ಎಲ್‌ಡಿಕಾನ್‌ಫಿಗ್’ ಎಂಬುದನ್ನು ನಡೆಸಿದರೆ ಲೋಡರಿನ ಸೂಚಿಯು ನವೀಕೃತವಾಗುವುದು. ಬಳಸುವವರು ಕಾಣದ ಡಿಎಲ್‌ಎಲ್ಲನ್ನು ಗೊತ್ತಿಲ್ಲದ ಸ್ಥಳಗಳಿಂದ ತಂದು ಹಾಕುವುದು ಅಪಾಯಕರ. ಅದರ ಮೂಲ ತಯಾರಕರು ಕೊಡುವ ಸ್ಥಾಪನಾಕಡತವನ್ನೇ ಬಳಸಬೇಕು.

ಎರಡನೆಯದು ಆವೃತ್ತಿಭೇದ. ಲೈಬ್ರರಿಯು ದೊರೆಯಿತು, ಆದರೆ ಅದು ಬೇಕಾದ ಲೈಬ್ರರಿಯಲ್ಲ. ಹಿಂದೆ ವಿಂಡೋಸಿನಲ್ಲಿ ಹೊಸದಾಗಿ ಸ್ಥಾಪಿಸಿದ ಪ್ರೋಗ್ರಾಮು ವ್ಯವಸ್ಥೆಯ ಫೋಲ್ಡರಿನಲ್ಲಿದ್ದ ಡಿಎಲ್‌ಎಲ್ಲಿನ ಮೇಲೆ ತನ್ನದನ್ನು ಬರೆದು, ಹಳೆಯ ಪ್ರೋಗ್ರಾಮುಗಳನ್ನು ಕೆಡಿಸುತ್ತಿದ್ದಿತು. ಇದನ್ನು ವೃತ್ತಿಯವರು ‘ಡಿಎಲ್‌ಎಲ್ ನರಕ’ವೆಂದೇ ಕರೆದರು. ವಿಂಡೋಸ್ 2000ದಲ್ಲಿ ವ್ಯವಸ್ಥೆಯ ಕಡತಗಳಿಗೆ ರಕ್ಷಣೆಯೂ, ಎಕ್ಸ್‌ಪಿಯಲ್ಲಿ ಹಲವು ಆವೃತ್ತಿಗಳನ್ನು ಪಕ್ಕಪಕ್ಕದಲ್ಲಿಯೇ ಇಡುವ ಏರ್ಪಾಡೂ ಬಂದುವು. ಲಿನಕ್ಸಿನಲ್ಲಿ ಲೈಬ್ರರಿಯ ಹೆಸರಿನ ತುದಿಯಲ್ಲಿಯೇ ಒಂದು ಸಂಖ್ಯೆಯಿರುವುದು. ಹಳೆಯ ಒಪ್ಪಂದವನ್ನು ಮುರಿಯುವ ಬದಲಾವಣೆಯಾದರೆ ಮಾತ್ರ ಆ ಸಂಖ್ಯೆಯನ್ನು ಬದಲಾಯಿಸಬೇಕೆಂಬುದು ನಿಯಮ.

ಒಪ್ಪಂದವು ಮುರಿಯುವುದೆಂದರೇನು? ಇಲ್ಲಿಯೂ ಗಣಪಾಠವು ಸಹಾಯಕ್ಕೆ ಬರುವುದು. ಕೆಲವು ಗಣಗಳು ಆಕೃತಿಗಣಗಳು. ಅವುಗಳಲ್ಲಿ ಹೊಸ ಶಬ್ದಗಳನ್ನು ಸೇರಿಸಿಕೊಂಡರೂ ಹಳೆಯ ಪ್ರಯೋಗಕ್ಕೆ ಬಾಧೆಯಿಲ್ಲ. ಆದರೆ ಸರ್ವಾದಿಗಣದ ಒಳಗೆ ತ್ಯದಾದಿಯೆಂಬ ಮತ್ತೊಂದು ಗುಂಪು, ಅಂದರೆ ತ್ಯದ್ ಶಬ್ದದಿಂದ ಮುಂದಿನ ಶಬ್ದಗಳ ಗುಂಪು, ಕ್ರಮದ ಬಲದಿಂದಲೇ ಸಿದ್ಧವಾಗಿದೆ. ಆ ನಡುವೆ ಯಾರಾದರೂ ಒಂದು ಹೊಸ ಶಬ್ದವನ್ನು ತುರುಕಿದರೆ, ಅದಕ್ಕೆ ಸಲ್ಲದ ಕಾರ್ಯವು ಸಲ್ಲುವುದು. ಸೂತ್ರದ ಒಂದಕ್ಷರವೂ ಬದಲಾಗಿರುವುದಿಲ್ಲ. ಲೈಬ್ರರಿಯಲ್ಲಿಯೂ ಹಾಗೆಯೇ: ಹೊಸ ಕಾರ್ಯವನ್ನು ಸೇರಿಸುವುದು ನಿರ್ದೋಷ. ಇರುವ ಕಾರ್ಯದ ಹೆಸರನ್ನು ತೆಗೆಯುವುದು, ದತ್ತಾಂಶದ ರಚನೆಯ ನಡುವೆ ಹೊಸ ಅಂಗವನ್ನಿಟ್ಟು ಉಳಿದುವುಗಳ ಸ್ಥಾನವನ್ನು ಜರುಗಿಸುವುದು ದೋಷ.

ಮೂರನೆಯದು ವಿಜಾತಿದೋಷ. 64 ಬಿಟ್ಟಿನ ಪ್ರೋಗ್ರಾಮು 32 ಬಿಟ್ಟಿನ ಲೈಬ್ರರಿಯನ್ನು ತನ್ನೊಳಗೆ ಕರೆದುಕೊಳ್ಳಲಾರದು. ಕಡತವು ಕಣ್ಣೆದುರಿಗೇ ಇದ್ದರೂ ಯಂತ್ರವು ಒಪ್ಪುವುದಿಲ್ಲ. ಇದಕ್ಕೆ ಅದೇ ಜಾತಿಯ ಲೈಬ್ರರಿಯನ್ನು ತರುವುದೊಂದೇ ಪರಿಹಾರ.

ನಾಲ್ಕನೆಯದು ಆಶ್ರಯವಿರೋಧ. ಒಂದು ಪ್ರೋಗ್ರಾಮಿಗೆ ಎರಡು ಲೈಬ್ರರಿಗಳು ಬೇಕು. ಆ ಎರಡಕ್ಕೂ ಮೂರನೆಯದೊಂದು ಬೇಕು, ಆದರೆ ಬೇರೆ ಬೇರೆ ಆವೃತ್ತಿಗಳಲ್ಲಿ. ಇಬ್ಬರೂ ಒಪ್ಪುವ ಒಂದೇ ಆವೃತ್ತಿಯನ್ನು ಹುಡುಕುವುದು ಉತ್ತಮ ಪಕ್ಷ. ಅದಿಲ್ಲದಾಗ ಒಂದನ್ನು ಪ್ರೋಗ್ರಾಮಿನೊಳಗೇ ಸೇರಿಸಿ ಅದರ ಹೆಸರುಗಳು ಹೊರಗೆ ಕಾಣದಂತೆ ಮರೆಮಾಡುವುದು ಮಧ್ಯಮ ಪಕ್ಷ.

ಐದನೆಯದು ಸ್ವಾಮ್ಯದೋಷ. ಒಂದು ಲೈಬ್ರರಿಯು ಯಂತ್ರದ ಸ್ಮೃತಿಯಲ್ಲಿ ಪಡೆದುಕೊಂಡ ಸ್ಥಳವನ್ನು ಪ್ರೋಗ್ರಾಮು ತನ್ನ ಕ್ರಮದಲ್ಲಿ ಬಿಟ್ಟುಕೊಟ್ಟರೆ, ಎರಡರ ಲೆಕ್ಕವೂ ಬೇರೆಯಾಗಿರಬಹುದಾದ ಕಾರಣ ಪ್ರೋಗ್ರಾಮು ಅಕಸ್ಮಾತ್ತಾಗಿ ಬೀಳುವುದು. ವಿಂಡೋಸಿನಲ್ಲಿ ಇದು ವಿಶೇಷವಾಗಿ ಕಾಣುವುದು. ಯಾವ ಕಣಜದಿಂದ ಬೀಜವನ್ನು ಸಾಲ ತಂದಿತೋ ಆ ಕಣಜಕ್ಕೇ ಅಳೆಯಬೇಕು. ಆದುದರಿಂದ ಸ್ಥಳವನ್ನು ಕೊಡುವ ಪ್ರತಿಯೊಂದು ಲೈಬ್ರರಿಯೂ ಅದನ್ನು ಹಿಂದಕ್ಕೆ ಪಡೆಯುವ ಕಾರ್ಯವನ್ನೂ ತಾನೇ ಒದಗಿಸತಕ್ಕದ್ದು.

ಪೂರ್ವಪಕ್ಷ ಮತ್ತು ಸಮಾಧಾನ

ಇಷ್ಟೊಂದು ದೋಷಗಳಿರುವಲ್ಲಿ ಪ್ರತಿಯೊಂದು ಪ್ರೋಗ್ರಾಮೂ ತನಗೆ ಬೇಕಾದುದನ್ನೆಲ್ಲ ತನ್ನೊಳಗೇ ಇಟ್ಟುಕೊಂಡರೆ ಬಾಧೆಯೇನೆಂದು ಕೇಳಬಹುದು. ಸ್ನ್ಯಾಪ್, ಫ್ಲಾಟ್‌ಪ್ಯಾಕ್, ಆ್ಯಪ್‌ಇಮೇಜ್ ಎಂಬ ಈಚಿನ ಕ್ರಮಗಳು ಬಹುಮಟ್ಟಿಗೆ ಈ ಪಕ್ಷವನ್ನೇ ಹಿಡಿದಿವೆ. ಸ್ಥಳವು ಹೆಚ್ಚು ಬೇಕೆಂಬ ಆಕ್ಷೇಪವು ಈಗ ಅಷ್ಟು ಬಲವಾದುದಲ್ಲ. ಬಲವಾದ ಆಕ್ಷೇಪವು ಬೇರೊಂದಿದೆ. 2014ರ ಏಪ್ರಿಲಿನಲ್ಲಿ ಓಪನ್‌ಎಸ್‌ಎಸ್‌ಎಲ್ ಎಂಬ ರಹಸ್ಯಲಿಪಿಯ ಲೈಬ್ರರಿಯಲ್ಲಿ ‘ಹಾರ್ಟ್‌ಬ್ಲೀಡ್’ ಎಂಬ ದೊಡ್ಡ ದೋಷವು ಬಯಲಾಯಿತು. ಅದನ್ನು ಸಾಮಾನ್ಯ ಲೈಬ್ರರಿಯಾಗಿ ಬಳಸುತ್ತಿದ್ದ ಯಂತ್ರದಲ್ಲಿ ಒಂದು ಕಡತವನ್ನು ಬದಲಾಯಿಸಿ ಪ್ರೋಗ್ರಾಮುಗಳನ್ನು ಮತ್ತೆ ಹೊರಡಿಸಿದರೆ, ಅದನ್ನಾಶ್ರಯಿಸಿದುವೆಲ್ಲಕ್ಕೂ ತಿದ್ದುಪಡಿಯು ಸಂದಿತು. ತಮ್ಮೊಳಗೆ ಪ್ರತಿಯನ್ನಿಟ್ಟುಕೊಂಡ ಪ್ರೋಗ್ರಾಮುಗಳನ್ನಾದರೋ ಒಂದೊಂದಾಗಿ ಹುಡುಕಿ ಪುನಃ ಕಟ್ಟಬೇಕಾಯಿತು. ಕನ್ನಡಕ್ಕೂ ಇದೇ ನ್ಯಾಯ: ಒತ್ತಕ್ಷರದ ಒಂದು ತಪ್ಪನ್ನು ಹಾರ್ಫ್‌ಬಜ್ಜಿನಲ್ಲಿ ತಿದ್ದಿದರೆ, ಅದನ್ನು ಹಂಚಿಕೊಂಡ ಪ್ರೋಗ್ರಾಮುಗಳೆಲ್ಲ ಒಮ್ಮೆಗೇ ಶುದ್ಧವಾಗಿ ಬರೆಯುವುವು, ಹಳೆಯ ಪ್ರತಿಯನ್ನು ಒಳಗಿಟ್ಟುಕೊಂಡುದು ಹಳೆಯ ತಪ್ಪನ್ನೇ ಬರೆಯುತ್ತಿರುವುದು.

ಆದುದರಿಂದ ವಿವೇಕವು ಹೀಗೆ. ಬಹುಜನರು ಆಶ್ರಯಿಸಿರುವ, ರಕ್ಷಣೆಗೆ ಸಂಬಂಧಪಟ್ಟ, ಒಪ್ಪಂದವನ್ನು ಪಾಲಿಸುವವರ ಕೈಯಲ್ಲಿರುವ ಲೈಬ್ರರಿಯನ್ನು ಸಾಮಾನ್ಯವಾಗಿಯೇ ಬಳಸತಕ್ಕದ್ದು. ಪದೇಪದೇ ರೂಪವನ್ನು ಬದಲಾಯಿಸುವ ಅಪ್ರಸಿದ್ಧವಾದುದನ್ನು ಜೊತೆಗೆ ಇಟ್ಟುಕೊಳ್ಳಬಹುದು. ಆಗ ಅದರ ತಿದ್ದುಪಡಿಯ ಭಾರವನ್ನೂ ಹೊರಬೇಕು.

ಕೊನೆಯದಾಗಿ ಬರಹಗಾರರು ಮನಸ್ಸಿನಲ್ಲಿಡಬೇಕಾದ ಅಂಶವೊಂದಿದೆ. ಯೂನಿಕೋಡಿನಲ್ಲಿ ಉಳಿಸಿದ ಬರಹದಲ್ಲಿ ಒತ್ತುಗಳು ತೆರೆಯ ಮೇಲೆ ಒಡೆದು ಕಂಡರೂ ಕಡತದಲ್ಲಿ ಅಕ್ಷರಗಳು ಕೆಟ್ಟಿರುವುದಿಲ್ಲ. ಲೈಬ್ರರಿಯು ಸರಿಯಾದೊಡನೆ ಅದೇ ಬರಹವು ಶುದ್ಧವಾಗಿ ಕಾಣುವುದು. ಇದನ್ನರಿಯದೆ, ಕಾಣುವುದನ್ನು ಸರಿಪಡಿಸುವೆನೆಂದು ಅಕ್ಷರಗಳ ನಡುವೆ ಸಲ್ಲದ ಚಿಹ್ನೆಗಳನ್ನು ಸೇರಿಸಿದರೆ, ಇಂದಿನ ಯಂತ್ರದ ದೋಷವು ಬರಹದ ದೋಷವಾಗಿ ಮುಂದಿನವರಿಗೂ ಉಳಿಯುವುದು. ಹಿಂದಿನ ಲಿಪಿಕಾರರ ತಪ್ಪುಗಳನ್ನು ಓಲೆಗರಿಗಳಲ್ಲಿ ತಿದ್ದುತ್ತಿರುವ ಸಂಶೋಧಕರಿಗೆ ಇದರ ಗೌರವವನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾಲೆಯು ಒಡೆದಾಗ ನಾಲೆಯನ್ನು ಕಟ್ಟಬೇಕೇ ಹೊರತು ಗದ್ದೆಯನ್ನು ಅಗೆಯಬಾರದು.