ಬೆಳ್ಳಿ ಫಲಕದ ಮೇಲಿನ ಉಗಿಹಡಗುಗಳು

1848ರ ಸೆಪ್ಟೆಂಬರಿನಲ್ಲಿ ಚಾರ್ಲ್ಸ್ ಫಾಂಟೇನ್ ಮತ್ತು ವಿಲಿಯಂ ಪೋರ್ಟರ್ ಅಮೆರಿಕದ ಓಹಾಯೋ ನದಿಯ ದಕ್ಷಿಣ ದಂಡೆಯಲ್ಲಿ ಕ್ಯಾಮೆರಾ ಹೂಡಿ, ಎದುರು ದಂಡೆಯ ಸಿನ್ಸಿನಾಟಿ ನಗರವನ್ನು ಎಂಟು ಫಲಕಗಳಲ್ಲಿ ಹಿಡಿದಿಟ್ಟರು. ಸುಮಾರು ಎರಡು ಮೈಲಿ ಉದ್ದದ ತೀರದಲ್ಲಿ ಉಗಿಹಡಗುಗಳು ಒಂದರ ಪಕ್ಕ ಒಂದು ನಿಂತಿವೆ. ಮರದ ಮೈಯ ಈ ಹಡಗುಗಳು ಬೆಂಕಿಗೋ ಬಾಯ್ಲರ್ ಸ್ಫೋಟಕ್ಕೋ ನೀರೊಳಗಿನ ಮರದ ಬೊಡ್ಡೆಗೋ ಸಿಕ್ಕಿ, ಸಾಮಾನ್ಯವಾಗಿ ನಾಲ್ಕೈದು ವರ್ಷದಲ್ಲೇ ಮುಗಿದುಹೋಗುತ್ತಿದ್ದವು. ಹೀಗಾಗಿ ಇಂಥ ಚಿತ್ರಗಳನ್ನು ಬರೀ ಗೋಡೆಯ ಅಲಂಕಾರವೆಂದು ನೋಡುವುದು ತಪ್ಪು. ಅವು ದಾಖಲೆಗಳು, ಆದರೆ ಕಾಗದಪತ್ರಗಳ ಜೊತೆಗಿಟ್ಟು ಓದಬೇಕಾದ ದಾಖಲೆಗಳು.

ಚಿತ್ರ ತೆಗೆದ ದಿನ ಗೊತ್ತಾದದ್ದೇ ಹಾಗೆ. ಬೆಳ್ಳಿ ಲೇಪಿಸಿದ ತಾಮ್ರದ ಹಾಳೆಯ ಮೇಲೆ ಪಾದರಸದ ಆವಿಯಿಂದ ಬಿಂಬ ಮೂಡಿಸುವ ಡಾಗೆರೋಟೈಪ್ ವಿಧಾನ ಅತಿ ಸೂಕ್ಷ್ಮ ವಿವರಗಳನ್ನೂ ಉಳಿಸುತ್ತದೆ. ಭೂತಗನ್ನಡಿ ಹಿಡಿದರೆ ಹಡಗುಗಳ ಹೆಸರುಗಳೇ ಕಾಣುತ್ತವೆ. ಅವು ಬಂದುಹೋದ ದಿನಗಳ ದಾಖಲೆಗಳೊಡನೆ ತಾಳೆ ನೋಡಿದಾಗ ಸಿಕ್ಕಿದ್ದು ಸೆಪ್ಟೆಂಬರ್ 24, ಭಾನುವಾರ. ಅಷ್ಟು ದೊಡ್ಡ ಬಂದರಿನಲ್ಲಿ ಹೊರೆಯಾಳುಗಳ ಗದ್ದಲವೇ ಕಾಣದ ಚಿತ್ರವನ್ನು ನಂಬುವುದು ಹೇಗೆ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಅಂದು ಭಾನುವಾರ. ಜೊತೆಗೆ ಆ ಕಾಲದ ಫಲಕಕ್ಕೆ ಹೆಚ್ಚು ಹೊತ್ತು ಬೆಳಕು ಬೇಕಿತ್ತು, ನಡೆದಾಡುವವರು ಅದರಲ್ಲಿ ಅಳಿಸಿಹೋಗುತ್ತಿದ್ದರು. ಕಂಡದ್ದನ್ನು ನಂಬಬಹುದು, ಕಾಣದ್ದು ಇರಲೇ ಇಲ್ಲವೆಂದು ತೀರ್ಮಾನಿಸಬಾರದು.

ಕಾಣುವುದೂ ಪೂರ್ತಿ ಕಥೆಯಲ್ಲ. 1865ರ ಏಪ್ರಿಲ್ 26ರಂದು ಮಿಸಿಸಿಪಿ ನದಿಯ ಹೆಲೆನಾದಲ್ಲಿ ತೆಗೆದ ‘ಸುಲ್ತಾನಾ’ ಹಡಗಿನ ಚಿತ್ರದಲ್ಲಿ ಅಟ್ಟ ಅಟ್ಟಗಳಲ್ಲೂ ಜನ ಕಿಕ್ಕಿರಿದಿದ್ದಾರೆ. ಹೆಚ್ಚಿನವರು ಅಂತರ್ಯುದ್ಧದ ಸೆರೆಯಿಂದ ಬಿಡುಗಡೆಯಾಗಿ ಮನೆಗೆ ಹೊರಟ ಸೈನಿಕರು. ಮರುದಿನ ನಸುಕಿನಲ್ಲಿ ಮೆಂಫಿಸ್ ಬಳಿ ಬಾಯ್ಲರ್‌ಗಳು ಸಿಡಿದು ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ನೂಕುನುಗ್ಗಲನ್ನು ಚಿತ್ರವೇ ತೋರಿಸುತ್ತದೆ. ಆದರೆ 376 ಜನರ ಹಡಗಿಗೆ ಎರಡು ಸಾವಿರಕ್ಕೂ ಮಿಕ್ಕಿ ಜನರನ್ನು ಹತ್ತಿಸಿದ್ದು, ಸರ್ಕಾರ ಸೈನಿಕರ ತಲೆ ಎಣಿಸಿ ಹಡಗಿನವರಿಗೆ ಹಣ ಕೊಡುತ್ತಿದ್ದುದು, ಸೋರುತ್ತಿದ್ದ ಬಾಯ್ಲರ್‌ಗೆ ಅವಸರದಲ್ಲಿ ತೇಪೆ ಹಾಕಿದ್ದು ತಿಳಿಯುವುದು ಬರಹದ ದಾಖಲೆಗಳಿಂದ. ಹಾಗಾದರೆ ಬರಹವೇ ಸಾಲದೇ? ಸಾಲದು. ಎರಡು ಸಾವಿರ ಎಂಬುದು ಬರಹದಲ್ಲಿ ಒಂದು ಲೆಕ್ಕ; ಚಿತ್ರದಲ್ಲಿ ಅದು ಮನೆಯ ದಾರಿ ಹಿಡಿದ ಮನುಷ್ಯರ ಗುಂಪು. ಲೆಕ್ಕ ತಪ್ಪನ್ನು ತೋರಿಸುತ್ತದೆ, ಆ ತಪ್ಪಿಗೆ ತೆತ್ತವರನ್ನು ಚಿತ್ರ ತೋರಿಸುತ್ತದೆ.