ಫುಟ್‌ಪಾತ್ ಇತ್ತು, ಆದ್ರೂ ಇಬ್ಬರು ಹುಡುಗರು ಉಳೀಲಿಲ್ಲ

ಇವತ್ತಿನ ಎಪಿಸೋಡ್‌ನಲ್ಲಿ ಒಂದೇ ಒಂದು ಪ್ರಶ್ನೆ: ಫುಟ್‌ಪಾತ್ ಇದ್ದರೆ ಸಾಕಾ?

ಅಮೆರಿಕದ ರಾಜಧಾನಿ ವಾಷಿಂಗ್ಟನ್‌ಗೆ ಅಂಟಿಕೊಂಡೇ ಮೇರಿಲ್ಯಾಂಡ್ ರಾಜ್ಯದ ಮಾಂಟ್ಗೊಮರಿ ಕೌಂಟಿ ಇದೆ. ಕೌಂಟಿ ಅಂದ್ರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ ಇದ್ದ ಹಾಗೆ. 1950ರಲ್ಲಿ ಅಲ್ಲಿ ಸುಮಾರು 1.64 ಲಕ್ಷ ಜನ ಇದ್ದರು. 2020ರ ಹೊತ್ತಿಗೆ 10.6 ಲಕ್ಷ. ಬಡಾವಣೆಗಳು ಬೆಳೆದದ್ದೆಲ್ಲ ಕಾರಿನ ಲೆಕ್ಕದಲ್ಲಿ. ಮನೆ ಒಂದು ಕಡೆ, ಅಂಗಡಿ ಇನ್ನೊಂದು ಕಡೆ, ಮಧ್ಯೆ ದೊಡ್ಡ ರಸ್ತೆ.

ಅಂಥದ್ದೇ ಒಂದು ರಸ್ತೆ ಓಲ್ಡ್ ಜಾರ್ಜ್‌ಟೌನ್ ರೋಡ್. ಆರು ಲೇನ್, ಪಕ್ಕದಲ್ಲೇ ಕಿರಿದಾದ ಫುಟ್‌ಪಾತ್. 2019ರಲ್ಲಿ 17 ವರ್ಷದ ಹುಡುಗನೊಬ್ಬ ಆ ಫುಟ್‌ಪಾತ್ ಮೇಲೆ ಸೈಕಲ್ ಹೊಡೀತಾ ಇದ್ದವನು ರಸ್ತೆಗೆ ಬಿದ್ದು, ಗಾಡಿ ಗುದ್ದಿ ತೀರಿಕೊಂಡ. 2022ರಲ್ಲಿ ಅದೇ ರಸ್ತೆಯಲ್ಲಿ, ಹೆಚ್ಚುಕಡಿಮೆ ಅದೇ ರೀತಿ, 18 ವರ್ಷದ ಇನ್ನೊಬ್ಬ ಹುಡುಗ ಹೋದ.

ಸೈಕಲ್ ಮೇಲೆ ಯಾರು ಬೇಕಾದ್ರೂ ಒಂದು ಸಲ ಆಯ ತಪ್ಪಬಹುದು. ಅದಕ್ಕೆ ಜೀವ ಹೋಗಬೇಕಾ? ಅದನ್ನ ತೀರ್ಮಾನ ಮಾಡೋದು ಎರಡು ವಿಷಯ: ಪಕ್ಕದ ಗಾಡಿಯ ವೇಗ, ಮತ್ತೆ ನಮಗೂ ಅದಕ್ಕೂ ಇರೋ ಅಂತರ. ವೇಗದ್ದು ಲೆಕ್ಕ ಇದೆ. ಅಮೆರಿಕದ ಎಎಎ ಫೌಂಡೇಶನ್ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಗಂಟೆಗೆ 37 ಕಿ.ಮೀ. ವೇಗದ ಗಾಡಿ ಗುದ್ದಿದರೆ ಪಾದಚಾರಿ ಸಾಯುವ ಸಂಭವ ಸರಾಸರಿ ಶೇ. 10. ವೇಗ 68 ಕಿ.ಮೀ. ಆದ್ರೆ ಅದು ಶೇ. 50.

ಈಗ ಕೌಂಟಿಯವರು ಮಾಡಿದ ಕೆಲಸ ನೋಡಿ. 2018ರಲ್ಲಿ ಒಪ್ಪಿಗೆ ಪಡೆದ ಅವರ ಸೈಕಲ್ ಮಾಸ್ಟರ್ ಪ್ಲ್ಯಾನ್‌ಗಾಗಿ ರಸ್ತೆಗಳಿಗೆಲ್ಲ ‘ಒತ್ತಡದ ಮಟ್ಟ’ ಅಂತ ಅಂಕ ಕೊಟ್ಟರು. ಈ ಪದ್ಧತಿ ಬಂದದ್ದು 2012ರಲ್ಲಿ, ಕ್ಯಾಲಿಫೋರ್ನಿಯಾದ ಮಿನೇಟಾ ಸಾರಿಗೆ ಸಂಸ್ಥೆಯ ವರದಿಯಿಂದ. ಎಷ್ಟು ಲೇನ್, ಎಷ್ಟು ವೇಗ, ಸೈಕಲ್‌ಗೆ ಬೇರೆ ಜಾಗ ಇದೆಯಾ ಅಂತ ನೋಡಿ 1ರಿಂದ 4ರವರೆಗೆ ಅಂಕ. 1 ಅಂದ್ರೆ ಮಕ್ಕಳೂ ಓಡಿಸಬಹುದು. 4 ಅಂದ್ರೆ ಗಟ್ಟಿ ಗುಂಡಿಗೆಯವರಿಗೆ ಮಾತ್ರ.

ಇಲ್ಲೊಂದು ಮುಖ್ಯವಾದ ನಿಯಮ ಇದೆ. ನಾವು ಬಿ.ಕಾಂ.ನವರು ಎಲ್ಲಕ್ಕೂ ಸರಾಸರಿ ತೆಗೀತೀವಿ. ಇಲ್ಲಿ ಸರಾಸರಿ ನಡೆಯಲ್ಲ. ದಾರಿಯಲ್ಲಿ ಅತಿ ಕೆಟ್ಟ ತುಂಡಿಗೆ ಎಷ್ಟು ಅಂಕವೋ ಇಡೀ ದಾರಿಗೂ ಅಷ್ಟೇ. ಮೂರು ಕಿ.ಮೀ. ತಂಪಾದ ಗಲ್ಲಿ ಇದ್ದು, ನಡುವೆ ಒಂದೇ ಒಂದು ಭಯಂಕರ ಕ್ರಾಸಿಂಗ್ ಇದ್ದರೆ, ಅಮ್ಮ ಮಗುವನ್ನ ಸೈಕಲ್‌ನಲ್ಲಿ ಸ್ಕೂಲಿಗೆ ಕಳಿಸಲ್ಲ. ಆ ಕೌಂಟಿಯ ಸಮಸ್ಯೆನೂ ಇದೇ. ಒಳಗಿನ ಶಾಂತ ಬೀದಿಗಳು ಬೇಕಾದಷ್ಟಿವೆ, ಆದ್ರೆ ದೊಡ್ಡ ರಸ್ತೆಗಳು ಅವನ್ನ ದ್ವೀಪಗಳ ಥರ ಬೇರೆ ಮಾಡಿವೆ. ಆ ದೊಡ್ಡ ರಸ್ತೆಗಳಲ್ಲಿ ಎಷ್ಟೋ ರಾಜ್ಯದ ಕೈಲಿವೆ, ಕೌಂಟಿ ಒಂದೇ ಮನಸ್ಸು ಮಾಡಿದ್ರೆ ಸಾಲದು.

ಓಲ್ಡ್ ಜಾರ್ಜ್‌ಟೌನ್ ರೋಡ್ ಕೂಡ ರಾಜ್ಯದ್ದೇ. 2022ರಲ್ಲಿ ರಾಜ್ಯದ ಹೆದ್ದಾರಿ ಇಲಾಖೆ ಅಲ್ಲಿ ಎರಡೂ ದಿಕ್ಕಿನಲ್ಲಿ ಒಂದೊಂದು ಕಾರ್ ಲೇನ್ ತೆಗೆದು ಸೈಕಲ್ ಲೇನ್ ಮಾಡಿತು. ಟ್ರಾಫಿಕ್ ಜಾಮ್ ಆಗುತ್ತೆ ಅಂತ ಬಹಳ ಜನ ವಿರೋಧಿಸಿದರು. ಅವರ ದೂರನ್ನ ತಳ್ಳಿಹಾಕೋ ಹಾಗಿಲ್ಲ, ಕಾರ್‌ನಲ್ಲಿ ಹೋಗೋರ ಸಮಯಕ್ಕೂ ಬೆಲೆ ಇದೆ. ಆದ್ರೆ ಆ ಲೇನ್‌ನಿಂದ ಇನ್ನೊಂದು ಲಾಭ ಇದೆ: ಫುಟ್‌ಪಾತ್‌ನಲ್ಲಿ ನಡೆಯೋರಿಗೂ ಕಾರ್‌ಗೂ ನಡುವೆ ಕೆಲವು ಅಡಿ ಜಾಗ ಸಿಗುತ್ತೆ. ಆಯ ತಪ್ಪಿದವನು ನೇರ ಗಾಡಿ ಮುಂದೆ ಬೀಳಲ್ಲ.

ನಿಮಗೊಂದು ಹೋಮ್‌ವರ್ಕ್. ಮನೆಯಿಂದ ಬಸ್ ಸ್ಟಾಪಿಗೋ ಮೆಟ್ರೋಗೋ ಹೋಗೋ ದಾರಿಯಲ್ಲಿ ಅತಿ ಕೆಟ್ಟ ಜಾಗ ಯಾವುದು ಅಂತ ಗುರುತು ಹಾಕಿ, ಒಂದು ಫೋಟೋ ತೆಗೀರಿ. ವಾರ್ಡ್ ಆಫೀಸಿಗೆ ಅರ್ಜಿ ಬರೆಯುವಾಗ ‘ಫುಟ್‌ಪಾತ್ ಮಾಡಿಸಿ’ ಅಂತ ಬರೀಬೇಡಿ. ‘ಈ ಕ್ರಾಸಿಂಗ್ ಸರಿ ಮಾಡಿ’ ಅಂತ ಬರೀರಿ. ಮುಂದಿನ ವಾರ ಸಿಗೋಣ.